ಶೇಂಗಾ ಬೆಳೆ ಮತ್ತು ನೆಲದ ಆರೋಗ್ಯ



ಉತ್ತರ ಕರ್ನಾಟಕದಲ್ಲಿ ಶೇಂಗಾ ಎಂದೂ, ದಕ್ಷಿಣದಲ್ಲಿ ಕಡಲೆಕಾಯಿ ಎಂದೂ, ಪುಸ್ತಕಗಳಲ್ಲಿ ನೆಲಗಡಲೆ ಎಂದೂ ಕರೆಯಲಾಗುವ ಬೆಳೆಯ ಬಗ್ಗೆ ಇಂದು ಕೆಲವು ವಿಚಾರಗಳನ್ನು ತಮ್ಮ ಮುಂದಿಡಬಯಸುತ್ತೇನೆ. ದಕ್ಷಿಣ ಅಮೆರಿಕದಲ್ಲಿ ಹುಟ್ಟಿದ ಈ ಸಸ್ಯ ಇಂದು ಪರದೇಶದ್ದೆಂದು ಯಾರಿಗೂ ಅನಿಸುವುದಿಲ್ಲ. ಬೆಂಗಳೂರಿನ ಬಸವನಗುಡಿಯಲ್ಲಿ ಕಾರ್ತಿಕ ಮಾಸದ ಕಡೆಯ ಸೋಮವಾರ ಇದರ ಹೆಸರಿನಲ್ಲೇ ಪರಿಷೆ ನಡೆಯುತ್ತದೆ. ಚಳ್ಳಕೆರೆ, ಪಾವಗಡ, ಅನಂತಪುರದ ಕೆಂಪು ನೆಲದಲ್ಲಿ ಮಳೆಯನ್ನೇ ನಂಬಿದ ಅಸಂಖ್ಯ ಕುಟುಂಬಗಳ ಜೀವನಾಧಾರ ಇದೇ ಆಗಿದೆ.

ಆದರೆ ಒಂದೇ ಹೊಲದಲ್ಲಿ ವರ್ಷ ವರ್ಷವೂ ಇದೊಂದನ್ನೇ ಬೆಳೆದು, ಗಿಡವನ್ನು ಬೇರುಸಹಿತ ಕಿತ್ತು, ಕಾಯಿಯನ್ನು ಮಂಡಿಗೂ ಹೊಟ್ಟನ್ನು ದನಗಳಿಗೂ ಸಾಗಿಸಿದರೆ ನೆಲಕ್ಕೆ ಉಳಿಯುವುದೇನು? ಸುಸ್ಥಿರ ಕೃಷಿಯ ಪ್ರಶ್ನೆ ಹುಟ್ಟುವುದು ಇಲ್ಲಿಯೇ. ಪಡೆದಷ್ಟನ್ನು ನೆಲಕ್ಕೆ ಹಿಂತಿರುಗಿಸುವುದು, ಬೆಳೆಯ ಖರ್ಚನ್ನು ಮಿತಿಯಲ್ಲಿಡುವುದು ಮತ್ತು ಮುಂದಿನ ಪೀಳಿಗೆಗೂ ಫಲ ಕೊಡುವಂತೆ ಭೂಮಿಯನ್ನು ಕಾಪಾಡುವುದು ಇದರ ಸಾರ.

ಹೈದರಾಬಾದಿನ ಸಮೀಪದ ಪಟಾಂಚೆರುವಿನಲ್ಲಿ 1972ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಅರೆ ಶುಷ್ಕ ಉಷ್ಣವಲಯ ಬೆಳೆ ಸಂಶೋಧನಾ ಸಂಸ್ಥೆ, ಅಂದರೆ ಇಕ್ರಿಸ್ಯಾಟ್, ಶೇಂಗಾವನ್ನು ತನ್ನ ಮುಖ್ಯ ಬೆಳೆಗಳಲ್ಲಿ ಒಂದಾಗಿ ಆರಿಸಿಕೊಂಡಿದೆ. ಅಲ್ಲಿನ ವಂಶವಾಹಿ ಭಂಡಾರದಲ್ಲಿ ಹಲವು ದೇಶಗಳಿಂದ ತಂದ 15,000ಕ್ಕೂ ಹೆಚ್ಚು ಶೇಂಗಾ ಮಾದರಿಗಳನ್ನು ಶೀತಲ ಕೋಣೆಗಳಲ್ಲಿ ಕಾಪಾಡಲಾಗಿದೆ. 1940ರಲ್ಲಿ ಬಿಡುಗಡೆಯಾದ ಟಿ.ಎಂ.ವಿ.-2 ತಳಿಯನ್ನೇ ನಮ್ಮ ರೈತರು ದಶಕಗಳ ಕಾಲ ಬಿತ್ತುತ್ತ ಬಂದರು. ಅದರ ಸ್ಥಾನವನ್ನು ತುಂಬಬಲ್ಲ, ಬರವನ್ನು ತಾಳಿಕೊಂಡು ಬೇಗ ಕೊಯ್ಲಿಗೆ ಬರುವ ಐ.ಸಿ.ಜಿ.ವಿ. 91114 ತಳಿ 2006ರಲ್ಲಿ ಆಂಧ್ರಪ್ರದೇಶದಲ್ಲಿ ಬಿಡುಗಡೆಯಾಯಿತು. ಮಳೆ ಬೇಗ ನಿಲ್ಲುವ ಪ್ರದೇಶದಲ್ಲಿ ಒಂದೆರಡು ವಾರ ಮೊದಲೇ ಬಲಿಯುವ ಬೆಳೆ ರೈತನ ವರ್ಷವನ್ನೇ ಉಳಿಸಬಲ್ಲದು.

ಉತ್ತಮ ತಳಿಯೊಂದರಿಂದಲೇ ಎಲ್ಲವೂ ಸಾಧ್ಯವಾಗದು. 2009ರಲ್ಲಿ ಕರ್ನಾಟಕ ಸರ್ಕಾರವು ಇಕ್ರಿಸ್ಯಾಟ್ ಸಹಯೋಗದಲ್ಲಿ ಭೂಚೇತನ ಯೋಜನೆಯನ್ನು ಆರಂಭಿಸಿತು. ಆಗ ನಡೆಸಿದ ಮಣ್ಣು ಪರೀಕ್ಷೆಗಳಿಂದ ಗಂಧಕ, ಸತು ಮತ್ತು ಬೋರಾನ್ ಕೊರತೆ ವ್ಯಾಪಕವಾಗಿರುವುದು ತಿಳಿದುಬಂದಿತು. ರೈತರು ಯೂರಿಯಾ, ಡಿ.ಎ.ಪಿ.ಗಳಿಗೆ ಹಣ ಸುರಿಯುತ್ತಿದ್ದರೂ ನೆಲದ ಹಸಿವು ಬೇರೆಯದೇ ಆಗಿತ್ತು. ಆದ್ದರಿಂದ ಮೊದಲು ಮಣ್ಣು ಪರೀಕ್ಷೆ, ಅನಂತರ ಗೊಬ್ಬರ ಎಂಬುದು ನಮ್ಮ ನಿಯಮವಾಗಬೇಕು.

ಶೇಂಗಾ ಗಿಡದ ಒಂದು ವಿಶೇಷವನ್ನು ಇಲ್ಲಿ ಗಮನಿಸಬೇಕು. ಹೂವು ಫಲಿತವಾದ ಮೇಲೆ ಸೂಜಿಯಂತಹ ತೊಟ್ಟು ನೆಲಕ್ಕಿಳಿದು ಅದರ ತುದಿಯಲ್ಲಿ ಕಾಯಿ ಕಟ್ಟುತ್ತದೆ. ಈ ಕಾಯಿ ತನಗೆ ಬೇಕಾದ ಸುಣ್ಣದ ಅಂಶವನ್ನು ಬಹುಮಟ್ಟಿಗೆ ಸುತ್ತಲಿನ ಮಣ್ಣಿನಿಂದಲೇ ನೇರವಾಗಿ ಹೀರಿಕೊಳ್ಳುತ್ತದೆ. ಅದು ಸಾಲದಾದಾಗ ಕಾಯಿ ಜೊಳ್ಳಾಗುತ್ತದೆ. ಹೆಕ್ಟೇರಿಗೆ ಸುಮಾರು 500 ಕಿಲೋಗ್ರಾಂ ಜಿಪ್ಸಂ ಹಾಕಬೇಕೆಂಬ ಶಿಫಾರಸಿಗೆ ಕಾರಣ ಇದೇ. ಜಿಪ್ಸಂ ಸುಣ್ಣದ ಜೊತೆಗೆ ಗಂಧಕವನ್ನೂ ಒದಗಿಸುತ್ತದೆ. ತೊಟ್ಟುಗಳು ನೆಲಕ್ಕಿಳಿದ ಮೇಲೆ ಎಡೆಕುಂಟೆ ಹೊಡೆಯಬಾರದು. ಬೇರಿನ ಗಂಟುಗಳಲ್ಲಿರುವ ರೈಜೋಬಿಯಂ ಜೀವಾಣುಗಳು ಗಾಳಿಯಲ್ಲಿನ ಸಾರಜನಕವನ್ನು ಗಿಡಕ್ಕೆ ಒದಗಿಸುವುದರಿಂದ, ಬೀಜಕ್ಕೆ ಈ ಜೀವಾಣುವಿನ ಲೇಪನ ಮಾಡಿದರೆ ಯೂರಿಯಾದ ಅಗತ್ಯವೂ ಕಡಿಮೆಯಾಗುತ್ತದೆ.

ಇನ್ನು ರೋಗ ಮತ್ತು ಕೀಟಗಳ ವಿಷಯ. 2000ನೆಯ ಇಸವಿಯಲ್ಲಿ ಅನಂತಪುರ ಜಿಲ್ಲೆಯಲ್ಲಿ ಶೇಂಗಾ ಗಿಡಗಳು ಕಾಂಡ ಒಣಗಿ ಸಾಯತೊಡಗಿದವು. ಸುಮಾರು 2,25,000 ಹೆಕ್ಟೇರ್ ಬೆಳೆ ಈ ರೋಗಕ್ಕೆ ತುತ್ತಾಗಿ 300 ಕೋಟಿ ರೂಪಾಯಿಗೂ ಮಿಕ್ಕಿ ನಷ್ಟವಾಯಿತೆಂದು ಅಂದಾಜಿಸಲಾಯಿತು. ಹೊಗೆಸೊಪ್ಪಿನಲ್ಲಿ ಮೊದಲು ಗುರುತಿಸಲಾಗಿದ್ದ ನಂಜಾಣುವೊಂದು ಇದಕ್ಕೆ ಕಾರಣವೆಂದು ವಿಜ್ಞಾನಿಗಳು ಪತ್ತೆ ಮಾಡಿದರು. ಈ ನಂಜಾಣುವಿನ ಮುಖ್ಯ ಆಶ್ರಯ, ನಾವು ಕಾಂಗ್ರೆಸ್ ಕಳೆ ಎಂದು ಕರೆಯುವ ಪಾರ್ಥೇನಿಯಂ ಗಿಡ. ಅದರ ಪರಾಗ ಶೇಂಗಾ ಎಲೆಯ ಮೇಲೆ ಬಿದ್ದು, ಥ್ರಿಪ್ಸ್ ಎಂಬ ಸಣ್ಣ ಕೀಟ ಎಲೆಯನ್ನು ಕೆರೆದಾಗ ಸೋಂಕು ಒಳಹೊಗುತ್ತದೆ. ಹೊಲದಲ್ಲಿ ಎಷ್ಟು ಔಷಧಿ ಸಿಂಪಡಿಸಿದರೇನು, ಬದುವಿನಲ್ಲಿ, ರಸ್ತೆಯ ಪಕ್ಕದಲ್ಲಿ, ಬೀಳು ಭೂಮಿಯಲ್ಲಿ ಕಳೆ ಹೂಬಿಡುತ್ತಲೇ ಇದ್ದರೆ? ಹೂ ಬಿಡುವ ಮೊದಲೇ ಊರಿನವರೆಲ್ಲ ಕೂಡಿ ಅದನ್ನು ಕೀಳುವುದು ಮತ್ತು ಹೊಲದ ಸುತ್ತ ಸಜ್ಜೆ ಅಥವಾ ಜೋಳದ ಸಾಲುಗಳನ್ನು ಬೆಳೆಸುವುದು ಇದಕ್ಕೆ ಪರಿಹಾರ. ಇದು ಒಬ್ಬ ರೈತನಿಂದ ಆಗುವ ಕೆಲಸವಲ್ಲ, ಇಡೀ ಗ್ರಾಮದ ಕೆಲಸ.

ನಮ್ಮ ಹಿರಿಯರು ಶೇಂಗಾ ನಡುವೆ ತೊಗರಿಯ ಅಕ್ಕಡಿ ಸಾಲು ಹಾಕುತ್ತಿದ್ದುದು ಅರ್ಥವಿಲ್ಲದ ರೂಢಿಯಲ್ಲ. ಒಂದು ಬೆಳೆ ಕೈಕೊಟ್ಟರೆ ಇನ್ನೊಂದು ಮನೆಯನ್ನು ನಡೆಸುತ್ತಿತ್ತು. ತೊಗರಿಯ ಉದುರಿದ ಎಲೆ ನೆಲಕ್ಕೆ ಗೊಬ್ಬರವಾಗುತ್ತಿತ್ತು. ಮಾಗಿ ಉಳುಮೆಯಿಂದ ಕೆಂಪು ಕಂಬಳಿ ಹುಳುವಿನ ಕೋಶಗಳು ಬಿಸಿಲಿಗೂ ಹಕ್ಕಿಗಳಿಗೂ ಸಿಕ್ಕಿ ನಾಶವಾಗುತ್ತವೆ. ಬದುವಿನ ಹರಳು ಗಿಡ ಎಲೆ ತಿನ್ನುವ ಹುಳುಗಳನ್ನು ಸೆಳೆದು ಅವುಗಳ ಸುಳಿವು ಕೊಡುತ್ತದೆ. ಬೇವಿನ ಬೀಜದ ಕಷಾಯ, ಬೀಜೋಪಚಾರಕ್ಕೆ ಟ್ರೈಕೋಡರ್ಮ ಮತ್ತು ಪೈರು ಬದಲಾವಣೆ, ಇವೆಲ್ಲ ಅಲ್ಪ ವೆಚ್ಚದ ಕ್ರಮಗಳು. ವಿಷಕಾರಿ ಔಷಧಿ ಕಡೆಯ ಅಸ್ತ್ರವಾಗಿರಲಿ.

ಕೊಯ್ಲಿನೊಂದಿಗೆ ನಮ್ಮ ಹೊಣೆ ಮುಗಿಯುವುದಿಲ್ಲ. ಕಾಯಿ ಬಲಿಯುವಾಗ ಬರ ಬಿದ್ದರೆ, ಅಥವಾ ಕಿತ್ತ ಕಾಯಿ ತೇವದಲ್ಲಿ ಉಳಿದರೆ, ಆಸ್ಪರ್ಜಿಲಸ್ ಎಂಬ ಬೂಷ್ಟು ಬೆಳೆದು ಅಫ್ಲಾಟಾಕ್ಸಿನ್ ಎಂಬ ವಿಷ ಉಂಟಾಗುತ್ತದೆ. ಇದು ಯಕೃತ್ತಿನ ಕ್ಯಾನ್ಸರಿಗೆ ಕಾರಣವಾಗಬಲ್ಲದು. ಹುರಿದರೂ ಇದು ಪೂರ್ತಿ ಹೋಗದು. ಬೂಷ್ಟು ಹಿಡಿದ ಕಾಯಿಯ ಹಿಂಡಿಯನ್ನು ಹಸುವಿಗೆ ತಿನ್ನಿಸಿದರೆ ವಿಷದ ಅಂಶ ಹಾಲಿಗೂ ಬರುತ್ತದೆ, ಆ ಹಾಲನ್ನು ಕುಡಿಯುವವರು ನಮ್ಮ ಮಕ್ಕಳೇ. ಆದುದರಿಂದ ಗಿಡಗಳನ್ನು ಕಾಯಿ ಮೇಲಾಗುವಂತೆ ತಿರುವಿ ಹಾಕಿ ಒಣಗಿಸಬೇಕು, ತೇವಾಂಶ ಶೇಕಡಾ 8ಕ್ಕೆ ಇಳಿದ ಮೇಲೆಯೇ ಚೀಲ ತುಂಬಬೇಕು. ಸುಲಿಯಲು ಸುಲಭವೆಂದು ಕಾಯಿಗೆ ನೀರು ಚಿಮುಕಿಸುವ ಪದ್ಧತಿಯನ್ನು ಸಂಪೂರ್ಣ ಬಿಡಬೇಕು.

ಬಾಂಧವರೆ, ಇಲ್ಲಿ ಕೊಳ್ಳುವವರ ಕರ್ತವ್ಯವೂ ಇದೆ. ಒಣಗಿಸಿ, ಆರಿಸಿ ತಂದ ಕಾಯಿಗೂ ತೇವದ ಕಾಯಿಗೂ ಒಂದೇ ಬೆಲೆ ಕಟ್ಟಿದರೆ ಶ್ರಮಪಟ್ಟ ರೈತನಿಗೆ ಅನ್ಯಾಯವಾಗುತ್ತದೆ. ಸಹಕಾರ ಸಂಘಗಳೂ ರೈತ ಉತ್ಪಾದಕ ಸಂಸ್ಥೆಗಳೂ ಗುಣಮಟ್ಟಕ್ಕೆ ತಕ್ಕ ಬೆಲೆ ದೊರಕಿಸಿಕೊಡಲು ಶ್ರಮಿಸಬೇಕು. ಸಂಶೋಧಕರ ಅರಿವು, ಹಿರಿಯರ ಅನುಭವ ಮತ್ತು ಊರಿನ ಒಗ್ಗಟ್ಟು ಒಂದುಗೂಡಿದಲ್ಲಿ ಈ ಕೆಂಪು ನೆಲ ನಮ್ಮ ಮಕ್ಕಳ ಕಾಲಕ್ಕೂ ಫಲವತ್ತಾಗಿ ಉಳಿದೀತು. ಬರುವ ಮುಂಗಾರಿಗೆ ಮುನ್ನ ತಮ್ಮ ಹೊಲದ ಒಂದು ಹಿಡಿ ಮಣ್ಣನ್ನು ಪರೀಕ್ಷೆಗೆ ಕಳುಹಿಸುವುದರಿಂದಲೇ ಈ ಕಾರ್ಯ ಆರಂಭವಾಗಲಿ ಎಂದು ವಿನಂತಿಸಿಕೊಳ್ಳುತ್ತೇನೆ.