ಕಾಂಕ್ರೀಟ್ ಸುರಿಯುವ ಮೊದಲು ಪ್ರೂಫ್ ತೋರಿಸಿ!

(ಯುವಕರ ಸಭೆಯಲ್ಲಿ ಮಾಡಿದ ಭಾಷಣ)



ನಾನು ಪಿಯುಸಿ ಓದಿದವನು, ಪ್ರೆಸ್ ನಡೆಸುವವನು. ಕಟ್ಟಡದ ವಿಷಯ ಇವನಿಗೇನು ಗೊತ್ತು ಎಂದು ಇಲ್ಲಿರುವ ಇಂಜಿನಿಯರಿಂಗ್ ಹುಡುಗರು ಕೇಳಬಹುದು. ಕೇಳಿ, ತಪ್ಪಿಲ್ಲ. ಆದರೆ ಅಚ್ಚಿನ ಮನೆಯಲ್ಲಿ ಒಂದು ಕಟ್ಟುನಿಟ್ಟು ಉಂಟು. ಗಿರಾಕಿ ಪ್ರೂಫ್ ನೋಡಿ ಸಹಿ ಹಾಕದೆ ಮೆಷಿನ್ ಓಡಿಸುವಂತಿಲ್ಲ. ಲಗ್ನಪತ್ರಿಕೆಯಲ್ಲಿ ಮದುಮಗಳ ಹೆಸರು ತಪ್ಪಿದರೆ ಐನೂರು ಪ್ರತಿ ರದ್ದಿಗೆ! ಐನೂರು ಕಾಗದಕ್ಕೇ ಇಷ್ಟು ಎಚ್ಚರ ಬೇಕಾದರೆ, ಐನೂರು ಕೋಟಿಯ ಕಟ್ಟಡಕ್ಕೆ ಪ್ರೂಫ್ ಬೇಡವೆ?

ನಕ್ಷೆ ಇದೆಯಲ್ಲ ಎನ್ನುತ್ತೀರಿ. ಅದನ್ನು ಓದಬಲ್ಲವರು ಎಷ್ಟು ಮಂದಿ? ಕಾಗದದ ಗೆರೆ ನೋಡಿ ಗೋಡೆಯ ಎತ್ತರವನ್ನು ಮನಸ್ಸಿನಲ್ಲಿ ಕಟ್ಟಿಕೊಳ್ಳುವುದು ಕಲಿತವರಿಗೇ ಕಷ್ಟ. ಈ ತೊಡಕಿಗೆ ಬಂದಿರುವ ಉತ್ತರ ವರ್ಚುಯಲ್ ರಿಯಾಲಿಟಿ. ಕಣ್ಣಿಗೆ ಕಟ್ಟಿಕೊಳ್ಳುವ ಕನ್ನಡಕದಂಥ ಯಂತ್ರ. ಎರಡು ಕಣ್ಣಿಗೂ ಕೊಂಚ ಬೇರೆಬೇರೆ ಚಿತ್ರ ಬೀಳುವುದರಿಂದ ಆಳ ಕಾಣುತ್ತದೆ. ತಲೆ ತಿರುಗಿಸಿದರೆ ಚಿತ್ರವೂ ತಿರುಗುತ್ತದೆ. ಇನ್ನೂ ಪಾಯ ತೋಡದ ಕಟ್ಟಡದೊಳಗೆ ನೀವು ನಿಂತಿರುತ್ತೀರಿ!

ಇದು ನಿನ್ನೆ ಮೊನ್ನೆಯ ಮಾತಲ್ಲ. 1968ರಲ್ಲೇ ಅಮೆರಿಕದ ಐವಾನ್ ಸದರ್‌ಲ್ಯಾಂಡ್ ತಲೆಗೆ ಹಾಕಿಕೊಳ್ಳುವ ಇಂಥ ಯಂತ್ರವನ್ನು ತೋರಿಸಿದರು. 1980ರ ದಶಕದಲ್ಲಿ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಭಾಗಕ್ಕೆ ಸಿಟರ್‌ಸನ್ ಹಾಲ್ ಎಂಬ ಹೊಸ ಕಟ್ಟಡ ಬರಬೇಕಿತ್ತು. ಅಲ್ಲಿನ ಪ್ರೊಫೆಸರ್ ಫ್ರೆಡ್ ಬ್ರೂಕ್ಸ್ ಮತ್ತು ಸಂಗಡಿಗರು ನಕ್ಷೆಯನ್ನೇ ಹಿಡಿದು ಇಡೀ ಕಟ್ಟಡವನ್ನು ಕಂಪ್ಯೂಟರಿನಲ್ಲಿ ಎಬ್ಬಿಸಿ, ಒಳಗೆಲ್ಲ ಸುತ್ತಾಡಿ ನೋಡಿದರು. ಹಜಾರದ ಒಂದು ಅಡ್ಡಗೋಡೆಯಿಂದ ಜಾಗ ಇಕ್ಕಟ್ಟೆನಿಸಿತು. ನಕ್ಷೆ ಮಾಡಿದವರು ಮೊದಲು ಒಪ್ಪಲಿಲ್ಲ. ತಾವೂ ಒಳಗೆ ಸುತ್ತಾಡಿದ ಮೇಲೆ ಒಪ್ಪಿದರು. ಗೋಡೆ ಸರಿಯಿತು. ಖರ್ಚು? ಕಾಗದದ ಗೆರೆಯೊಂದನ್ನು ಅಳಿಸಿದಷ್ಟೆ!

ಇಲ್ಲಿ ತಪ್ಪು ಹಿಡಿದವರು ಯಾರು? ಅಲ್ಲಿ ದಿನವೂ ಓಡಾಡಬೇಕಾದವರು. ಬರೆದವನ ಕಣ್ಣಿಗೆ ತನ್ನ ತಪ್ಪು ಕಾಣದು. ಅದಕ್ಕೇ ಪ್ರೂಫ್ ಓದಲು ಬೇರೆ ಕಣ್ಣು ಬೇಕು.

ಇನ್ನೊಂದು ಮಾತು. ಬಣ್ಣದ ಅಚ್ಚಿನಲ್ಲಿ ನಾಲ್ಕು ಪ್ಲೇಟುಗಳು ಒಂದರ ಮೇಲೊಂದು ಸರಿಯಾಗಿ ಕೂರದಿದ್ದರೆ ಚಿತ್ರ ಹಾಳು. ಕಟ್ಟಡವೂ ಹಾಗೆಯೇ. ಕಂಬ-ತೊಲೆ ಒಬ್ಬರದು, ನೀರಿನ ಪೈಪು ಇನ್ನೊಬ್ಬರದು, ಕರೆಂಟು ಮತ್ತೊಬ್ಬರದು. ಎಲ್ಲವನ್ನೂ ಒಂದೇ ಮಾದರಿಯಲ್ಲಿ ಕೂಡಿಸಿದರೆ, ತೊಲೆಯನ್ನು ಸೀಳಿಕೊಂಡು ಹೋಗುವ ಪೈಪು ಮೊದಲೇ ಕಣ್ಣಿಗೆ ಬೀಳುತ್ತದೆ. ಅದಕ್ಕೆ ಕೆಲಸದ ದಿನಾಂಕಗಳನ್ನೂ ಸೇರಿಸಿದರೆ, ಯಾವ ವಾರ ಕ್ರೇನ್ ಎಲ್ಲಿ ನಿಲ್ಲುತ್ತದೆ, ಎತ್ತಿದ ಭಾರದ ಕೆಳಗೆ ಯಾರು ಇರುತ್ತಾರೆ ಎಂಬುದೂ ಗೊತ್ತಾಗುತ್ತದೆ. ಇದು ಕೂಲಿ ಕಾರ್ಮಿಕನ ಜೀವದ ಪ್ರಶ್ನೆ.

ಆದರೆ ಎಚ್ಚರ! ಯಂತ್ರಕ್ಕೆ ತುಂಬಿದ್ದನ್ನಷ್ಟೇ ಯಂತ್ರ ತೋರಿಸುತ್ತದೆ. ನೆಲದಡಿಯ ಹಳೇ ಪೈಪನ್ನು ಅಳೆದು ಸೇರಿಸದಿದ್ದರೆ ಕನ್ನಡಕದಲ್ಲಿ ಅದು ಕಾಣದು. ಆಮೇಲೆ ಜೆಸಿಬಿ ಅದನ್ನು ಹುಡುಕಿ ಕೊಡುತ್ತದೆ! ಫ್ಲಾಟ್ ಮಾರುವವರು ಇದೇ ಕನ್ನಡಕ ತೊಡಿಸಿ ಹಸಿರು ಹುಲ್ಲು, ನೀಲಿ ಆಕಾಶ ತೋರಿಸಿಯಾರು. ಪಕ್ಕದ ಕಟ್ಟಡದ ಗೋಡೆ ಎಲ್ಲಿ, ಮಧ್ಯಾಹ್ನದ ಬಿಸಿಲು ಎಲ್ಲಿ, ಮಳೆನೀರು ಹೋಗುವ ಚರಂಡಿ ಎಲ್ಲಿ ಎಂದು ಕೇಳಿ. ಮೋರೆ ತಪ್ಪಿಸಿದರೆ ಅದು ಪ್ರೂಫ್ ಅಲ್ಲ, ಬರೀ ಜಾಹೀರಾತು.

ನಮ್ಮ ಬೆಂಗಳೂರಿನಲ್ಲಿ 2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ ಉಕ್ಕಿನ ಮೇಲುಸೇತುವೆ ಕಟ್ಟುತ್ತೇವೆಂದಾಗ ಜನ ಬೀದಿಗಿಳಿದರು. 2017ರ ಮಾರ್ಚಿನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಸೇತುವೆ ಬೇಕಿತ್ತೋ ಬೇಡವೋ, ಆ ವಾದ ಬೇರೆ. ನಾನು ಕೇಳುವುದಿಷ್ಟು: ಇಂಥ ಯಾವುದೇ ಯೋಜನೆ ಬಂದಾಗ, ಆ ರಸ್ತೆಯಲ್ಲಿ ಅಂಗಡಿ ಇಟ್ಟವನು, ಬಸ್ಸಿಗೆ ಕಾಯುವ ಹೆಣ್ಣುಮಗಳು, ಕೋಲು ಊರಿ ನಡೆಯುವ ಅಜ್ಜ ಟೆಂಡರಿಗೆ ಮುಂಚೆಯೇ ಆ ಸೇತುವೆಯ ಕೆಳಗೆ ನಿಂತು ನೋಡಲಿ.

ಸಿವಿಲ್ ಓದುತ್ತಿರುವ ತಮ್ಮಂದಿರೆ, ತಂಗಿಯರೆ, ಈ ವಿದ್ಯೆ ಕಲಿಯಿರಿ. ಕಲಿತು ಕಂಪನಿಯ ಕೋಣೆಯಲ್ಲಿ ಬೀಗ ಹಾಕಿ ಇಡಬೇಡಿ. ವಾರ್ಡಿನ ಸಭೆಗೆ ತನ್ನಿ, ಕನ್ನಡದಲ್ಲಿ ವಿವರಿಸಿ. ಗಾರೆಯವನಿಗೂ ಕಂಬಿ ಕಟ್ಟುವವನಿಗೂ ಅವರವರ ಮಾತಿನಲ್ಲಿ ತಿಳಿಹೇಳಿ. ಜನ ನೋಡಿ ಒಪ್ಪಲಿ, ಆಮೇಲೆ ಕಾಂಕ್ರೀಟ್ ಸುರಿಯಲಿ.