ಹಳೆಯ ಲಾರಿಯ ತುಕ್ಕು

ಕಬ್ಬಿಣಕ್ಕೆ ತುಕ್ಕು ಹಿಡಿಯುವುದೆಂಬ ಸಂಗತಿಯನ್ನು ಮಕ್ಕಳೂ ಬಲ್ಲರು. ಬಾವಿಯ ರಾಟೆ, ಬಾಗಿಲ ಚಿಲಕ, ಹೊಲದಲ್ಲಿ ಮರೆತುಬಂದ ಕುಡಗೋಲು, ಎಲ್ಲವೂ ಈ ಪಾಠವನ್ನು ಹೇಳುತ್ತಲೇ ಇವೆ. ಹೀಗೆ ಎಲ್ಲರೂ ಬಲ್ಲ ವಿಷಯವನ್ನು ಕುರಿತು ಭಾಷಣವೇಕೆಂದು ಕೆಲವರಿಗೆ ತೋರಬಹುದು. ತುಕ್ಕು ಕಣ್ಣಿಗೆ ಬಿದ್ದಾಗ ಎಲ್ಲರೂ ಅದನ್ನು ಬಲ್ಲರು. ಬಣ್ಣದ ಕೆಳಗೆ ಅಡಗಿದಾಗ ಬಲ್ಲವರು ಕಡಮೆ. ಹಳೆಯ ಲಾರಿಯನ್ನು ನಂಬಿ ಸಂಸಾರ ಹೂಡಿದವರಿಗೆ ಈ ಎರಡನೆಯ ತುಕ್ಕಿನಿಂದಲೇ ಹಾನಿಯಾಗುವುದರಿಂದ ನಾವು ಈ ಮಾತನ್ನು ಎತ್ತಿಕೊಂಡಿದ್ದೇವೆ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕು ಸೀಮೆಗಳಲ್ಲಿ ಅಂಥ ಮನೆಗಳು ಅನೇಕವಾಗಿವೆ. ಸವದತ್ತಿಯ ಬಳಿ ಮಲಪ್ರಭೆಗೆ ಕಟ್ಟಿದ ನವಿಲುತೀರ್ಥದ ಅಣೆಕಟ್ಟು 1972ರಲ್ಲಿ ಮುಗಿಯಿತು. ನೀರು ಬಂದಲ್ಲಿ ಕಬ್ಬು ಬಂದಿತು. ಮುಗಟಖಾನ ಹುಬ್ಬಳ್ಳಿಯಲ್ಲಿಯೂ ಮುನವಳ್ಳಿಯಲ್ಲಿಯೂ ಸಕ್ಕರೆಯ ಕಾರ್ಖಾನೆಗಳಾದವು. ಕಬ್ಬು, ಹತ್ತಿ, ಉಳ್ಳಾಗಡ್ಡಿ, ಬೆಲ್ಲ, ಗೊಬ್ಬರ ಇವೆಲ್ಲವನ್ನೂ ಹೊರಲು ಗಾಡಿ ಬೇಕು. 1986ರಲ್ಲಿ ಬಂದ ಟಾಟಾ 407, 2005ರಲ್ಲಿ ಬಂದು ಛೋಟಾ ಹಾಥಿ ಎಂದು ಹೆಸರು ಪಡೆದ ಟಾಟಾ ಏಸ್, ಇಂಥವು ಎರಡು ಮೂರು ಕೈ ದಾಟಿದ ಮೇಲೆ ಸಣ್ಣ ಹಿಡುವಳಿಯ ರೈತನ ಅಳವಿಗೆ ಬರುತ್ತವೆ. ಇವುಗಳ ಎಂಜಿನ್ನಿಗೆ ಬೇಕಾದ ಬಿಡಿಭಾಗಗಳು ತಾಲ್ಲೂಕಿನ ಊರುಗಳಲ್ಲಿಯೇ ಸಿಕ್ಕುತ್ತವೆ, ಬಿಚ್ಚಿ ಕಟ್ಟುವವರೂ ಉಂಟು. ಮೊದಲು ಸೋಲುವುದು ಮೈ.

ಕಿತ್ತೂರು ಮಲೆನಾಡಿನ ಸೆರಗು, ಅಲ್ಲಿ ಮಳೆ ಹೆಚ್ಚು. ರಾಮದುರ್ಗ ಬಯಲು, ಅಲ್ಲಿ ಕಡಮೆ. ಹಾಗಾದರೆ ರಾಮದುರ್ಗದ ಗಾಡಿ ಹೆಚ್ಚು ಬಾಳಬೇಕಲ್ಲವೆ ಎಂದು ನಾವೂ ಒಂದು ಕಾಲದಲ್ಲಿ ತರ್ಕಿಸಿದ್ದೆವು. ತರ್ಕ ಸರಿಯಾಗಿತ್ತು, ಆದರೆ ಎರೆಮಣ್ಣನ್ನು ಮರೆತಿತ್ತು. ಎರೆಯ ಕೆಸರು ಗಾಲಿಯಿಂದ ಸಿಡಿದು ಮಡ್‌ಗಾರ್ಡಿನ ಒಳಮಡಿಕೆಯಲ್ಲಿ ಕುಳಿತರೆ, ಹೊರಗೆ ಬಿಸಿಲು ಕಾಯುತ್ತಿದ್ದರೂ ಒಳಗೆ ಹಲವು ದಿನ ತೇವವನ್ನು ಹಿಡಿದಿರುತ್ತದೆ. ಮಳೆ ಬಂದದ್ದು ಒಂದು ದಿನ, ತಗಡು ನೆನೆದದ್ದು ಒಂದು ವಾರ. ಇದರ ಮೇಲೆ ಸರಕಿನ ಗುಣವೂ ಸೇರುತ್ತದೆ. ಕಬ್ಬಿನ ರಸ ಸೋರಿ ಹುಳಿತರೆ ಆಮ್ಲವಾಗುತ್ತದೆ. ಪೊಟ್ಯಾಶ್ ಗೊಬ್ಬರವು ಅಡಿಗೆಯ ಉಪ್ಪಿನ ದಾಯಾದಿ; ಚೀಲದಿಂದ ಉದುರಿದ ಹರಳುಗಳು ಗಾಳಿಯ ತೇವಕ್ಕೆ ಕರಗಿ ತಗಡಿನ ಕೀಲುಗಳಿಗೆ ಇಳಿದರೆ, ಬರಿಯ ನೀರು ವರ್ಷಗಳಲ್ಲಿ ಮಾಡುವ ಕೆಲಸವನ್ನು ತಿಂಗಳುಗಳಲ್ಲಿ ಮಾಡಿಬಿಡುತ್ತವೆ.

ತುಕ್ಕು ಎಲ್ಲಿ ಹುಟ್ಟುತ್ತದೆಂಬುದನ್ನು ತಿಳಿಯದೆ ದುರಸ್ತಿಗೆ ಕೈಹಾಕುವುದು ವ್ಯರ್ಥ. ತುಕ್ಕಿಗೆ ನೀರೂ ಬೇಕು, ಗಾಳಿಯೊಳಗಿನ ಆಮ್ಲಜನಕವೂ ಬೇಕು. ಆದರೆ ಎರಡು ತಗಡುಗಳು ಒಂದರ ಮೇಲೊಂದು ಕೂಡುವ ಸಂದಿನಲ್ಲಿ ಒಂದು ವಿಚಿತ್ರವುಂಟು. ಸಂದಿನ ಬಾಯಲ್ಲಿ ಗಾಳಿ ಹೆಚ್ಚು, ಒಳಗೆ ಕಡಮೆ. ಈ ಹೆಚ್ಚುಕಡಮೆಯಿಂದಲೇ ಸಣ್ಣದೊಂದು ವಿದ್ಯುತ್ಕೋಶ ಏರ್ಪಟ್ಟು, ಗಾಳಿ ಕಡಮೆಯಾದ ಒಳಭಾಗದ ಕಬ್ಬಿಣವೇ ಮುಂದಾಗಿ ಕರಗುತ್ತದೆ. ಹುಟ್ಟಿದ ತುಕ್ಕು ಮೂಲದ ಕಬ್ಬಿಣಕ್ಕಿಂತ ಹಲವು ಪಾಲು ಹೆಚ್ಚು ಜಾಗವನ್ನು ಬೇಡುತ್ತದೆಯಾಗಿ ಸಂದು ಉಬ್ಬಿ ಇನ್ನಷ್ಟು ನೀರಿಗೆ ಎಡೆಗೊಡುತ್ತದೆ. ಬಾಗಿಲಿನ ಕೆಳಅಂಚು, ಕ್ಯಾಬಿನ್ನಿನ ಮೆಟ್ಟಿಲು, ಗಾಜಿನ ರಬ್ಬರಿನ ಅಡಿ, ಸರಕಿನ ತೊಟ್ಟಿಯ ನೆಲ ಮತ್ತು ಅಡ್ಡಪಟ್ಟಿ ಕೂಡುವ ಜಾಗ, ಇವು ತುಕ್ಕಿನ ತವರುಮನೆಗಳು. ಬಾಗಿಲಿನ ತಳದಲ್ಲಿ ನೀರು ಇಳಿದುಹೋಗಲೆಂದು ಇಟ್ಟ ರಂಧ್ರಗಳು ಧೂಳು ಹೊಟ್ಟಿನಿಂದ ಮುಚ್ಚಿಹೋದರೆ ಬಾಗಿಲೇ ಕೊಡವಾಗುತ್ತದೆ. ತುಕ್ಕು ಒಳಗಿನಿಂದ ಹೊರಕ್ಕೆ ಬರುತ್ತದೆ. ಹೊರಗೆ ಕಡಲೆಕಾಳಿನಷ್ಟು ಗುಳ್ಳೆ ಕಂಡಿತೆಂದರೆ ಒಳಗೆ ಅಂಗೈಯಗಲ ಸವೆದಿರುವುದುಂಟು.

ನಮ್ಮ ಪರಿಚಯದ ರೈತರೊಬ್ಬರು ಸವದತ್ತಿಯ ಕಡೆಯವರು. ಕಬ್ಬಿನ ಹಂಗಾಮು ಹತ್ತಿರ ಬಂದಿತೆಂದು, ಖಂಡೆನವಮಿ ಕಳೆದ ಕೆಲವೇ ದಿನಕ್ಕೆ, ಸಾಲಮಾಡಿ ಹಳೆಯ 407 ಒಂದನ್ನು ಕೊಂಡರು. ಮಾರಿದವರು ಹೊಸ ಬಣ್ಣ ಹೊಡೆಸಿ, ಬಾಗಿಲಿಗೆ ನವಿಲಿನ ಚಿತ್ರವನ್ನೂ ಬರೆಸಿದ್ದರು. ಒಂದು ಬಾಗಿಲು ಸರಿಯಾಗಿ ಕೂಡುವುದಿಲ್ಲವೆಂದು ಬೈಲಹೊಂಗಲದಲ್ಲಿ ಟಿಂಕರಿಂಗ್ ಕೆಲಸದ ವೃದ್ಧ ಮಿಸ್ತ್ರಿಯೊಬ್ಬರ ಬಳಿಗೆ ಅದನ್ನು ತಂದಾಗ ನಾವೂ ಜೊತೆಯಲ್ಲಿದ್ದೆವು.

“ಹೋದ ತಿಂಗಳ ಬಣ್ಣಾ ಹೊಡಸ್ಯಾರ್ರಿ ಕಾಕಾ, ಗಾಡಿ ಛಲೋ ಐತಿ” ಎಂದರು ನಮ್ಮ ಮಿತ್ರರು.

“ಬಣ್ಣಾ ಛಲೋ ಐತಿ ತಮ್ಮಾ. ತಗಡ ಎಲ್ಲೈತಿ, ಅದನ್ನ ತೋರ್ಸು” ಎಂದರು ಮಿಸ್ತ್ರಿ.

ಅವರು ಕೆಟ್ಟುಹೋದ ಧ್ವನಿವರ್ಧಕದಿಂದ ತೆಗೆದ ಅಯಸ್ಕಾಂತವೊಂದನ್ನು ಬಟ್ಟೆಯಲ್ಲಿ ಸುತ್ತಿ ಬಾಗಿಲಿನ ಮೇಲಿನಿಂದ ಕೆಳಕ್ಕೆ ಎಳೆಯುತ್ತ ಬಂದರು. ಮೇಲ್ಭಾಗದಲ್ಲಿ ಅದು ಗಟ್ಟಿಯಾಗಿ ಕಚ್ಚಿಕೊಂಡಿತು. ಗೇಣು ಕೆಳಗೆ ಬಂದಾಗ ಹಿಡಿತ ಸಡಿಲಿತು. ಅಂಚಿನ ಹತ್ತಿರ ನೆಲಕ್ಕೆ ಬಿದ್ದಿತು. ಅಲ್ಲಿದ್ದುದು ಪುಟ್ಟಿ. ಸುತ್ತಿಗೆಯ ಹಿಡಿಯಿಂದ ತಟ್ಟಿದಾಗ ಒಳ್ಳೆಯ ತಗಡು ತಾಳದಂತೆ ನುಡಿಯಿತು, ಪುಟ್ಟಿ ತುಂಬಿದ ಜಾಗ ಮಡಕೆಯಂತೆ ಮಂಕಾಗಿ ನುಡಿಯಿತು. ಬಾಗಿಲನ್ನು ಹೊರುವ ಕೀಲಿನ ಕಂಬದ ಬುಡಕ್ಕೆ ದಬ್ಬಣವನ್ನು ಒತ್ತಿದರು. ಅದು ಹಪ್ಪಳದಲ್ಲಿ ಇಳಿದಂತೆ ಇಳಿದುಹೋಯಿತು. ತೊಟ್ಟಿಯ ನೆಲದ ಮೇಲೆ ಹಾಸಿದ್ದ ಹೊಸ ತಗಡನ್ನು ಎತ್ತಿದಾಗ ಕೆಳಗಿನ ಹಳೆಯ ನೆಲ ಚಿಪ್ಪುಚಿಪ್ಪಾಗಿ ಉದುರಿತು. ಸರಕಿನ ಗಾಡಿಯಲ್ಲಿ ಜನರನ್ನು ಕೂರಿಸುವುದು ಕಾನೂನಿಗೆ ವಿರುದ್ಧ. ಆದರೂ ಕಬ್ಬು ಕಡಿಯುವವರು ಕಬ್ಬಿನ ಗಾಡಿಯಲ್ಲಿಯೇ ಹೋಗುತ್ತಾರೆ, ಬನದ ಹುಣ್ಣಿಮೆಗೂ ಭಾರತ ಹುಣ್ಣಿಮೆಗೂ ಯಲ್ಲಮ್ಮನ ಗುಡ್ಡಕ್ಕೆ ಮಕ್ಕಳುಮರಿ ಸಹಿತ ಇಂಥ ತೊಟ್ಟಿಗಳಲ್ಲಿಯೇ ಏರುತ್ತಾರೆ. ಆ ನೆಲವನ್ನು ಕಂಡು ನಮ್ಮ ಮಿತ್ರರು ಬಹಳ ಹೊತ್ತು ಮಾತಾಡಲಿಲ್ಲ.

ಅಗ್ಗದ ದುರಸ್ತಿಯೆಂದು ನಡೆಯುವ ಎರಡು ಉಪಾಯಗಳೂ ಆ ಒಂದೇ ಗಾಡಿಯಲ್ಲಿದ್ದುವು. ಮೊದಲನೆಯದು ತೂತಿಗೆ ಪುಟ್ಟಿ ಮೆತ್ತುವುದು. ಪುಟ್ಟಿಯು ತಗ್ಗನ್ನು ಸಮಮಾಡುವುದಕ್ಕೆ, ಅದೂ ಎರಡು ಮೂರು ಮಿಲಿಮೀಟರಿನ ದಪ್ಪಕ್ಕೆ ಹುಟ್ಟಿದ ವಸ್ತು. ಅದಕ್ಕೆ ಭಾರ ಹೊರುವ ಶಕ್ತಿಯಿಲ್ಲ, ಮೇಲಾಗಿ ಅದು ತೇವವನ್ನು ಹೀರಿ ತಗಡಿಗೆ ಒಪ್ಪಿಸುತ್ತದೆ. ಎರಡನೆಯದು ಕೊಳೆತ ನೆಲದ ಮೇಲೆ ಹೊಸ ತಗಡನ್ನು ಹಾಸುವುದು. ನಡುವೆ ಸಿಕ್ಕ ನೀರು ಎಲ್ಲಿಗೂ ಹೋಗಲಾರದೆ ಎರಡನ್ನೂ ತಿನ್ನುತ್ತದೆ. ಹಾಸಿದ್ದು ಅಲ್ಯುಮಿನಿಯಮ್ ಆಗಿದ್ದರೆ, ಉಪ್ಪುನೀರಿನ ಸಹವಾಸದಲ್ಲಿ ಅದೂ ಕಬ್ಬಿಣದ ಪಕ್ಕದಲ್ಲಿ ಪುಡಿಯಾಗತೊಡಗುತ್ತದೆ. ಇವೆರಡೂ ದುರಸ್ತಿಗಳಲ್ಲ, ಮರೆಮಾಚುವಿಕೆಗಳು. ಮಾರುವವನು ಹೀಗೆ ಮಾಡಿದರೆ ಮೋಸವೆನ್ನುತ್ತೇವೆ. ಉಳಿಸಿಕೊಳ್ಳುವವನು ಮಾಡಿದರೆ ಏನೆನ್ನಬೇಕೋ ತಿಳಿಯದು.

ನಿಜವಾದ ಕೆಲಸದ ಮೊದಲ ನಿಯಮ ಕಠಿನವಾದದ್ದು: ಒಳ್ಳೆಯ ಲೋಹ ಸಿಕ್ಕುವವರೆಗೆ ಕತ್ತರಿಸಬೇಕು. ಮಾಲಿಕನಿಗೆ ಇದು ಸಂಕಟ. ಬೆರಳಿನಷ್ಟು ತೂತಿಗೆ ಮೊಳದಷ್ಟು ತಗಡು ಹೋಗುವುದನ್ನು ನೋಡಬೇಕಾಗುತ್ತದೆ. ಆದರೆ ಸವೆದು ಕಾಗದವಾದ ಅಂಚಿಗೆ ವೆಲ್ಡಿಂಗ್ ಹಿಡಿಯುವುದಿಲ್ಲ. ಬೆಂಕಿ ತಾಗಿದೊಡನೆ ಕರಗಿ ತೂತು ದೊಡ್ಡದಾಗುತ್ತದೆ. ನಮ್ಮ ಮಿಸ್ತ್ರಿ ಕತ್ತರಿಸಿದ ಮೇಲೆ ಹಳೆಯ ಲಗ್ನಪತ್ರಿಕೆಯೊಂದರ ರಟ್ಟನ್ನು ಆ ಜಾಗಕ್ಕೆ ಹಿಡಿದು ಅಳತೆ ತೆಗೆದರು, ಅದರಂತೆ ತಗಡನ್ನು ಕೊಯ್ದು ಮಡಿಸಿದರು. ಬಾಗಿಲಿಗೆ 20 ಗೇಜಿನದು, ಅಂದರೆ ಸುಮಾರು 0.9 ಮಿಲಿಮೀಟರು; ಕೀಲಿನ ಕಂಬಕ್ಕೆ 18 ಗೇಜು, ಸುಮಾರು 1.2, ತೊಟ್ಟಿಯ ನೆಲಕ್ಕೆ 14 ಗೇಜು, ಸುಮಾರು 2 ಮಿಲಿಮೀಟರು. ದಪ್ಪವಾದಷ್ಟೂ ಒಳ್ಳೆಯದೆಂದು ಬಾಗಿಲಿಗೂ ದಪ್ಪ ತಗಡು ಹಾಕಿಸುವವರುಂಟು. ತೆಳುವಿಗೂ ದಪ್ಪಕ್ಕೂ ಬೆಸುಗೆ ಚೆನ್ನಾಗಿ ಕೂಡದು, ಬಾಗಿಲಿನ ತೂಕವೂ ಕೀಲಿಗೆ ಬೀಳುತ್ತದೆ.

ಕಬ್ಬಿಣ ಕಾದಾಗ ಬಡಿಯಬೇಕೆಂಬ ಗಾದೆ ಕಂಬಾರನ ಕುಲುಮೆಯಲ್ಲಿ ಕಾದ ನೇಗಿಲಿನ ಕುಳಕ್ಕೆ ಸಲ್ಲತಕ್ಕದ್ದು. ತೆಳು ತಗಡಿಗೆ ಕಾವೇ ವೈರಿ. ಒಂದೇ ಸಮನೆ ಬೆಸೆಯುತ್ತ ಹೋದರೆ ತಗಡು ಹಿಗ್ಗಿ ಕುಗ್ಗಿ ಡೊಂಕಾಗುತ್ತದೆ. ಆದಕಾರಣ ಮಿಸ್ತ್ರಿ ಒಂದು ಚುಕ್ಕಿಯನ್ನು ಈ ಮೂಲೆಯಲ್ಲಿಟ್ಟರು, ಮುಂದಿನದನ್ನು ಎದುರಿನ ಮೂಲೆಯಲ್ಲಿಟ್ಟರು. ಆರಲು ಬಿಟ್ಟು, ಮತ್ತೆ ನಡುವೆ ಒಂದು. ಹೀಗೆ ರಂಗೋಲಿಯ ಚುಕ್ಕಿಗಳಂತೆ ಇಟ್ಟು ಕಡೆಗೆ ಕೂಡಿಸಿದರು. ಗ್ಯಾಸಿನ ಬೆಸುಗೆಯಲ್ಲಿ ಕಾವು ದೂರ ಹರಡುವುದರಿಂದ ಇಂಥ ಕೆಲಸಕ್ಕೆ ತಂತಿಯನ್ನು ತಾನೇ ಉಣಿಸುವ ಮಿಗ್ ಯಂತ್ರ ಮೇಲು.

ಇಲ್ಲಿ ಎಚ್ಚರಿಕೆಯ ಮಾತೊಂದು ಅವಶ್ಯ. ಬೆಸುಗೆಗೆ ಮುನ್ನ ಬ್ಯಾಟರಿಯ ತಂತಿಗಳನ್ನು ಕಳಚಬೇಕು. ಡೀಸೆಲ್ ಟ್ಯಾಂಕು ಹತ್ತಿರವಿದ್ದರೆ ಬಿಚ್ಚಿ ದೂರವಿಡಬೇಕು. ಬರಿದಾದ ಟ್ಯಾಂಕಿಗೆ ಭಯವಿಲ್ಲವೆಂಬುದು ತಪ್ಪು ಕಲ್ಪನೆ, ಅದರೊಳಗಿನ ಆವಿಯೇ ಸಿಡಿಯುವುದು. ಸತು ಲೇಪಿಸಿದ ತಗಡನ್ನು ಮುಚ್ಚಿದ ಕೋಣೆಯಲ್ಲಿ ಬೆಸೆದರೆ ಬಿಳಿಯ ಹೊಗೆಯೆದ್ದು ಆ ರಾತ್ರಿಯೇ ಚಳಿಜ್ವರ ಬರುವುದುಂಟು. ಬಯಲಿನಲ್ಲಿ ಕೆಲಸಮಾಡಬೇಕು, ಬೆಸೆಯುವ ಅಂಚಿನ ಸತುವನ್ನು ಮೊದಲೇ ಉಜ್ಜಿ ತೆಗೆಯಬೇಕು. ಹಳೆಯ ಬಣ್ಣದಲ್ಲಿ ಸೀಸವಿರಬಹುದಾದ್ದರಿಂದ ಅದನ್ನು ನೀರು ಹಾಕಿ ಉಜ್ಜುವುದು ಲೇಸು. ಆ ಧೂಳಿನಲ್ಲಿ ಮಕ್ಕಳನ್ನು ಆಡಗೊಡಬಾರದು.

ಕತ್ತರಿಸಲಾಗದ ಮೂಲೆಗಳಲ್ಲಿ ಅಲ್ಪಸ್ವಲ್ಪ ತುಕ್ಕು ಉಳಿದೇ ಉಳಿಯುತ್ತದೆ. ಅದಕ್ಕೆ ರಂಜಕಾಮ್ಲದಿಂದಲೋ ಟ್ಯಾನಿನ್ನಿನಿಂದಲೋ ಮಾಡಿದ ದ್ರವಗಳು ಅಂಗಡಿಯಲ್ಲಿ ಸಿಕ್ಕುತ್ತವೆ. ಟ್ಯಾನಿನ್ ಎಂಬುದು ಹೊಸದೇನಲ್ಲ. ಅಳಲೆಕಾಯಿಯ ಒಗರೇ ಅದು. ಅಳಲೆಕಾಯಿಯ ಕಷಾಯ ಕಬ್ಬಿಣದೊಡನೆ ಕೂಡಿದರೆ ಕಪ್ಪಾಗುವುದನ್ನು ಬಲ್ಲ ನಮ್ಮ ಹಿರಿಯರು ಅದರಿಂದ ಬರೆಯುವ ಮಸಿಯನ್ನು ಮಾಡಿಕೊಳ್ಳುತ್ತಿದ್ದರು. ಕೆಂಪು ತುಕ್ಕು ಕಪ್ಪಾಗಿ ನಿಲ್ಲುವುದು ಅದೇ ಗುಣದಿಂದ. ಆದರೆ ಇದು ತೆಳುವಾದ ತುಕ್ಕಿಗೆ ಮಾತ್ರ. ಚಿಪ್ಪೆದ್ದಲ್ಲಿ ಮೊದಲು ತಂತಿಯ ಬ್ರಷ್ಷು. ದೆಹಲಿಯ ಕಬ್ಬಿಣದ ಕಂಬ ಸುಮಾರು 1600 ವರ್ಷಗಳಿಂದ ನಿಂತಿಲ್ಲವೆ ಎಂದು ಒಬ್ಬರು ನಮ್ಮನ್ನು ಕೇಳಿದ್ದರು. ಅದರ ಕಬ್ಬಿಣದಲ್ಲಿ ರಂಜಕದ ಅಂಶ ಹೆಚ್ಚಾಗಿದ್ದು ಮೇಲೆ ರಕ್ಷಣೆಯ ತೆಳುಪದರ ಕಟ್ಟಿದೆ. ಅಲ್ಲದೆ ಅದರ ಮೇಲೆ ಪೊಟ್ಯಾಶ್ ಚೀಲವನ್ನು ಇಳಿಸಿದವರು ಯಾರೂ ಇಲ್ಲ.

ಬಣ್ಣದ ಕಾಲವನ್ನು ಕುರಿತು ನಮಗೊಂದು ದೂರುಂಟು. ಇಲ್ಲಿಯ ಗಾಡಿಗಳೆಲ್ಲ ಖಂಡೆನವಮಿಯ ಪೂಜೆಗೆ ಮುಂಚೆ ಬಣ್ಣ ಹೊಡೆಸಿಕೊಳ್ಳುತ್ತವೆ. ಭಕ್ತಿ ಮೆಚ್ಚತಕ್ಕದ್ದೇ, ಆದರೆ ಆಗ ಮಳೆಗಾಲ ಆಗತಾನೆ ಮುಗಿಯುತ್ತಿದ್ದು ಸಂದುಗಳಲ್ಲಿ ತೇವವಿರುತ್ತದೆ, ಮಿಸ್ತ್ರಿಗಳಿಗೂ ಬಿಡುವಿರುವುದಿಲ್ಲ. ತೇವದ ಮೇಲೆ ಬಣ್ಣ ಬಳಿದರೆ ಕಳ್ಳನನ್ನು ಒಳಗಿಟ್ಟು ಬೀಗ ಹಾಕಿದಂತೆ. ಕಬ್ಬಿನ ಹಂಗಾಮು ಮುಗಿದ ಏಪ್ರಿಲ್, ಮೇ ತಿಂಗಳುಗಳೇ ಈ ಕೆಲಸಕ್ಕೆ ಯೋಗ್ಯ. ಬಿಸಿಲೇ ಪುಕ್ಕಟೆ ಒಲೆ. ಸತುವಿನ ಅಂಶವುಳ್ಳ ಪ್ರೈಮರನ್ನು ಬೆಸುಗೆಯ ಎರಡು ಬದಿಗೂ ಹಚ್ಚಬೇಕು, ಸಂದಿಗೆ ಮೆತ್ತುವ ಸೀಲರನ್ನು ಎಳೆಯಬೇಕು, ಒಣಗಿದ ಮೇಲೆ ಬಣ್ಣ. ಬಾಗಿಲಿನ ಟೊಳ್ಳಿನೊಳಗೆ ಮೇಣದ ದ್ರವವನ್ನು ಸಿಂಪಡಿಸಿ, ನೀರಿಳಿಯುವ ರಂಧ್ರಗಳನ್ನು ದಬ್ಬಣದಿಂದ ಬಿಡಿಸಬೇಕು. ಗಾಡಿಯ ತಳಕ್ಕೆ ಎಂಜಿನ್ನಿನ ಸುಟ್ಟ ಎಣ್ಣೆಯನ್ನು ಬಳಿಯುವ ರೂಢಿಯನ್ನು ನಾವು ಒಪ್ಪುವುದಿಲ್ಲ. ಅದರಲ್ಲಿ ಆಮ್ಲವಿರುತ್ತದೆ, ರಬ್ಬರಿಗೂ ಬಳಿಯುವವನ ಚರ್ಮಕ್ಕೂ ಅದು ಕೆಡುಕು.

ತುಕ್ಕು ಚಾಸಿಯನ್ನೇ ತಿಂದಿದ್ದರೆ ಮಾತು ಬೇರೆ. ಅದು ಟಿಂಕರಿಂಗಿನ ಕೆಲಸವಲ್ಲ. ಅದಕ್ಕೆ ತೇಪೆ ಹಚ್ಚಿ ಹೊರೆ ಹೊರಿಸುವುದು ಪ್ರಾಣದೊಡನೆ ಜೂಜು. ಎಂಟು ವರ್ಷ ದಾಟಿದ ಸರಕಿನ ಗಾಡಿಯನ್ನು ವರ್ಷಕ್ಕೊಮ್ಮೆ ಪಾಸಿಂಗಿಗೆ ಒಯ್ಯಬೇಕೆಂಬ ನಿಯಮವಿದೆ, ಬೈಲಹೊಂಗಲದಲ್ಲಿಯೇ ಸಾರಿಗೆ ಕಚೇರಿಯೂ ಇದೆ. ಕೊಳ್ಳುವ ಮುನ್ನ ಅಯಸ್ಕಾಂತ, ದಬ್ಬಣಗಳೊಡನೆ ಗಾಡಿಯ ಅಡಿಯಲ್ಲಿ ಅರ್ಧಗಂಟೆ ಮಲಗಿ ನೋಡಿದರೆ ಆ ಪರೀಕ್ಷೆಗೆ ಹೆದರಬೇಕಾಗದು.

ನಮ್ಮ ಮಿತ್ರರ ಗಾಡಿಯ ಚಾಸಿ ಗಟ್ಟಿಯಾಗಿತ್ತು. ಹನ್ನೊಂದು ದಿನದ ಕೆಲಸ. ಹಂಗಾಮಿನ ಮೊದಲ ಖೇಪುಗಳು ತಪ್ಪಿದವು, ಸಾಲದ ಒಂದು ಕಂತು ತಡವಾಯಿತು, ಬಾಗಿಲಿನ ನವಿಲು ಅರ್ಧವಾಯಿತು. ಅಂದಿನಿಂದ ಎರಡು ಮಳೆಗಾಲಗಳು ಕಳೆದಿವೆ. ಕೀಲಿನ ಕಂಬವೂ ನೆಲವೂ ಚೆನ್ನಾಗಿವೆ. ಎಡಬಾಗಿಲಿನ ಅಂಚಿನಲ್ಲಿ ಮಾತ್ರ ಈಚೆಗೆ ಬಣ್ಣ ಕಾಳಿನಷ್ಟು ಉಬ್ಬಿದೆ. ಅಲ್ಲಿ ಸೀಲರು ಹಚ್ಚಲು ಮರೆತದ್ದು ತಮ್ಮದೇ ತಪ್ಪೆಂದು ಮಿಸ್ತ್ರಿ ಒಪ್ಪಿಕೊಂಡಿದ್ದಾರೆ. ಕಬ್ಬು ಮುಗಿದೊಡನೆ ತರುತ್ತೇನೆಂದು ಇವರು ಹೇಳಿಬಂದಿದ್ದಾರೆ.