ಮನೆ ಕಟ್ಟುವ ಗುತ್ತೇದಾರನಿಗೆ ಸನದು ಬೇಕೆ?



ಸಂಘದ ವಾರ್ಷಿಕೋತ್ಸವದಲ್ಲಿ ನಾಡು-ನುಡಿಗಳ ವಿಚಾರವನ್ನಾಡುವುದು ವಾಡಿಕೆ. ನಾನಾದರೋ ಇಂದು ಇಟ್ಟಿಗೆ-ಸಿಮೆಂಟುಗಳ ವಿಚಾರವನ್ನು ಎತ್ತಿಕೊಂಡಿದ್ದೇನೆ. ನಮ್ಮ ಯಡ್ರಾವ ಇಚಲಕರಂಜಿಯ ಮಗ್ಗುಲ ಊರು. ಮಗ್ಗ ನಡೆಸಿ, ಗಿರಣಿಯಲ್ಲಿ ದುಡಿದು, ಒಕ್ಕಲುತನ ಮಾಡಿ ಕೂಡಿಟ್ಟ ಹಣವನ್ನು ನಮ್ಮವರು ಆಯುಷ್ಯದಲ್ಲಿ ಒಂದೇ ಸಲ ಮನೆಗೆ ಸುರಿಯುತ್ತಾರೆ. ಆ ಹಣವನ್ನು ಪಡೆಯುವವನ ಅರ್ಹತೆಯನ್ನು ಯಾರು ಪರೀಕ್ಷಿಸಿದ್ದಾರೆ? ಇದೇ ಇಂದಿನ ಪ್ರಶ್ನೆ.

ಮೋಟಾರು ನಡೆಸುವವನಿಗೆ ಲಾಯಸೆನ್ಸು ಬೇಕು. ಔಷಧ ಮಾರಲು ಪರವಾನಗಿ ಬೇಕು. ವಾಸ್ತುಶಿಲ್ಪಿಯೆನಿಸಿಕೊಳ್ಳಲು 1972ರ ಕಾಯಿದೆಯ ಮೇರೆಗೆ ನೋಂದಣಿ ಬೇಕು. ಆದರೆ ನಮ್ಮ ಖಾಸಗಿ ಮನೆಯನ್ನು ಕಟ್ಟುವ ಗುತ್ತೇದಾರನು ಪರೀಕ್ಷೆ ಕೊಟ್ಟು ಸನದು ಪಡೆಯಬೇಕೆಂಬ ಸಾಮಾನ್ಯ ಕಾಯಿದೆ ಮಹಾರಾಷ್ಟ್ರದಲ್ಲಿಯೂ ಇಲ್ಲ, ಕರ್ನಾಟಕದಲ್ಲಿಯೂ ಇಲ್ಲ. ಲೋಕೋಪಯೋಗಿ ಖಾತೆಯಲ್ಲಿ ಗುತ್ತೇದಾರರನ್ನು ವರ್ಗವಾರು ನೋಂದಿಸಿಕೊಳ್ಳುವುದು ನಿಜ. ಅದು ಸರಕಾರದ ಕೆಲಸ ಹಿಡಿಯುವವರಿಗೆ ಮಾತ್ರ. ಸರಕಾರವು ತನ್ನ ಸೇತುವೆಗೆ ಅರ್ಹತೆಯನ್ನು ಕೇಳುತ್ತದೆ. ಬಡವನ ಮನೆಗೆ ಕೇಳುವವರಿಲ್ಲ.

2016ರ ಸ್ಥಿರಾಸ್ತಿ ಕಾಯಿದೆ ಇದೆಯಲ್ಲ ಎಂದು ಕೆಲವರು ಹೇಳಬಹುದು. ಅದರ ಮೇರೆಗೆ ಮಹಾರೇರಾ ಸಂಸ್ಥೆಯು 2017ರಿಂದ ಕೆಲಸ ಮಾಡುತ್ತಿದೆ. ಅಲ್ಲಿ ನೋಂದಣಿಯಾಗುವುದು ಮನೆ ಕಟ್ಟಿ ಮಾರುವವರ ಯೋಜನೆ ಮತ್ತು ದಲಾಲರು. ನೋಂದಾಯಿತ ಕರಾರಿಲ್ಲದೆ ಬೆಲೆಯ ನೂರಕ್ಕೆ 10ಕ್ಕಿಂತ ಹೆಚ್ಚು ಮುಂಗಡ ಪಡೆಯಬಾರದೆಂದೂ, ಸ್ವಾಧೀನ ಕೊಟ್ಟ 5 ವರ್ಷಗಳೊಳಗೆ ರಚನೆಯಲ್ಲಿ ದೋಷ ಕಂಡರೆ ವೆಚ್ಚವಿಲ್ಲದೆ ಸರಿಪಡಿಸಬೇಕೆಂದೂ ಅದು ವಿಧಿಸುತ್ತದೆ. ಫ್ಲ್ಯಾಟು ಕೊಳ್ಳುವವರಿಗೆ ಇದು ದೊಡ್ಡ ಆಸರೆ. ಆದರೆ ಸ್ವಂತ ಜಾಗದಲ್ಲಿ ಗೌಂಡಿಯನ್ನು ಕರೆದು ಮನೆ ಕಟ್ಟಿಸುವವನು ಈ ಆಸರೆಯ ಹೊರಗೆ ನಿಲ್ಲುತ್ತಾನೆ.

ಅಮೇರಿಕೆಯ ಕ್ಯಾಲಿಫೋರ್ನಿಯಾ ಸಂಸ್ಥಾನದಲ್ಲಿ 1929ರಿಂದಲೂ ಗುತ್ತೇದಾರರಿಗೆ ಲಾಯಸೆನ್ಸಿನ ಕಟ್ಟಳೆಯಿದೆ. ಸಣ್ಣಪುಟ್ಟ ಕೆಲಸಗಳನ್ನು ಬಿಟ್ಟರೆ, ಉಳಿದುದಕ್ಕೆ 4 ವರ್ಷಗಳ ಅನುಭವ, ಕಾಯಿದೆ ಮತ್ತು ಕಸುಬುಗಳ ಪರೀಕ್ಷೆ, 25,000 ಡಾಲರುಗಳ ಜಾಮೀನು ಬೇಕು. ಕೆಲಸ ಕೆಟ್ಟರೆ ಮನೆಯೊಡೆಯನು ದೂರು ಕೊಡಬಹುದು, ಲಾಯಸೆನ್ಸು ರದ್ದಾಗಬಹುದು.

ನಮ್ಮಲ್ಲಿ ಇದರ ಅಗತ್ಯ ಕಡಿಮೆಯೇ? 1967ರ ಡಿಸೆಂಬರ್ 11ರಂದು ಕೊಯ್ನೆಯಲ್ಲಿ ಭೂಮಿ ನಡುಗಿತು. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಕಿಲ್ಲಾರಿಯಲ್ಲಿ ಕಲ್ಲು-ಮಣ್ಣಿನ ಭಾರವಾದ ಗೋಡೆಗಳು ಮಲಗಿದ್ದವರ ಮೇಲೆಯೇ ಕುಸಿದವು. ನಮ್ಮ ಶಿರೋಳ ತಾಲೂಕಿನಲ್ಲಿ 2005, 2019, 2021ರ ಮಹಾಪೂರಗಳನ್ನು ಕಂಡವರು ಈ ಸಭೆಯಲ್ಲಿಯೇ ಇದ್ದೀರಿ. ಎರೆಭೂಮಿಯು ಮಳೆಯಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಅದನ್ನರಿಯದೆ ಹಾಕಿದ ಬುನಾದಿ ಗೋಡೆಯನ್ನು ಸೀಳದೆ ಬಿಡದು.

ಆದರೂ ಇನ್ನೊಂದು ಮಾತನ್ನು ಮರೆಯಲಾಗದು. ನಮ್ಮ ಗೌಂಡಿಗಳಲ್ಲಿ ಅನೇಕರು ಶಾಲೆಯನ್ನು ಕಂಡವರಲ್ಲ. ತಂದೆಯ ಕೈಯಿಂದ ಕರಣೆ ಪಡೆದವರು. ನಾಳೆ ಸನದಿನ ಕಾಯಿದೆ ಬಂದು, ಪರೀಕ್ಷೆ ಇಂಗ್ಲಿಷಿನಲ್ಲಿಯೋ ಮರಾಠಿಯಲ್ಲಿಯೋ ಮಾತ್ರ ನಡೆದರೆ, ಕಸುಬು ಬಲ್ಲವನು ಹೊರಗುಳಿದು ಕಾಗದ ಬಲ್ಲವನು ಒಳಗಾಗುವನು. ಆದಕಾರಣ ಸನದು ಬೇಕು. ಅದು ಕೈಗೆಲಸವನ್ನು ಕಣ್ಣಾರೆ ಕಂಡು, ಅವನ ನುಡಿಯಲ್ಲಿಯೇ ಪ್ರಶ್ನೆ ಕೇಳಿ ಕೊಡುವಂಥದಾಗಬೇಕು. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ, ಮೊದಲೇ ಕಲಿತ ಕಸುಬನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಪದ್ಧತಿಗೆ ಎಡೆಯಿತ್ತು. ಹಾದಿ ಹೊಸದೇನಲ್ಲ. ನಿಪ್ಪಾಣಿಯಲ್ಲಿ ಒಂದು ದಿನ, ಇಚಲಕರಂಜಿಯಲ್ಲಿ ಮತ್ತೊಂದು ದಿನ ದುಡಿಯುವವನಿಗೆ ಒಂದು ರಾಜ್ಯದ ಸನದು ಇನ್ನೊಂದರಲ್ಲಿಯೂ ನಡೆಯಬೇಕು. ಗಡಿಯು ನಕಾಶೆಯಲ್ಲಿದೆ, ಗೋಡೆಯಲ್ಲಿಲ್ಲ.

ಕಾಯಿದೆ ಬರುವವರೆಗೆ ನಮ್ಮ ಎಚ್ಚರವೇ ನಮಗೆ ರಕ್ಷೆ. ಕರಾರನ್ನು ಬರವಣಿಗೆಯಲ್ಲಿ ಮಾಡಿಕೊಳ್ಳಿರಿ. ಅದು ಮರಾಠಿಯಲ್ಲಿದ್ದರೆ ಕನ್ನಡದಲ್ಲಿ ಅರ್ಥ ಹೇಳಿಸಿಕೊಳ್ಳದೆ ಸಹಿ ಹಾಕಬೇಡಿರಿ. ಸಿಮೆಂಟು, ಕಬ್ಬಿಣಗಳ ಗುಣ-ಪ್ರಮಾಣ, ಮುಗಿಸುವ ಗಡುವು ಅದರಲ್ಲಿರಲಿ. ಹಣವನ್ನು ಬುನಾದಿ, ಗೋಡೆ, ಸ್ಲ್ಯಾಬು ಎಂದು ಹಂತಹಂತವಾಗಿ ಕೊಟ್ಟು ರಸೀದಿ ಪಡೆಯಿರಿ. ಕೊನೆಯ ಕಂತು ಒಂದು ಮಳೆಗಾಲ ಕಳೆಯುವವರೆಗೆ ಉಳಿಯಲಿ. ಸಾಮಾನ್ಯ ಸಿಮೆಂಟಿನ ಕಾಂಕ್ರೀಟಿಗೆ ಕನಿಷ್ಠ 7 ದಿನ, ಬೂದಿ ಮುಂತಾದವು ಬೆರೆತ ಸಿಮೆಂಟಿನದಕ್ಕೆ 10 ದಿನ ನೀರುಣಿಸಬೇಕೆಂಬುದು ಭಾರತೀಯ ಮಾನಕದ ಸೂಚನೆ. ಇದನ್ನು ಮನೆಯ ಹೆಣ್ಣುಮಕ್ಕಳೂ ನೋಡಿಕೊಳ್ಳಬಲ್ಲರು.

ಮೋಸವಾದರೆ ಸುಮ್ಮನಿರಬೇಕಾಗಿಲ್ಲ. ಮನೆ ನಿರ್ಮಾಣವೂ ಒಂದು ಸೇವೆಯೆಂದು ಸರ್ವೋಚ್ಚ ನ್ಯಾಯಾಲಯವು 1993ರಲ್ಲಿಯೇ ತೀರ್ಮಾನಿಸಿತು. 2019ರ ಗ್ರಾಹಕ ಕಾಯಿದೆಯ ಮೇರೆಗೆ, ದೂರಿಗೆ ಕಾರಣವೊದಗಿದ 2 ವರ್ಷಗಳೊಳಗೆ, ತಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗಕ್ಕೆ ಹೋಗಬಹುದು. ಅಲ್ಲಿ ಬಾಯಿಮಾತಿಗಿಂತ ಕರಾರು, ರಸೀದಿಗಳೇ ಬಲವಾಗಿ ನುಡಿಯುತ್ತವೆ.

ಬಂಧುಗಳೇ, ಕರಾರನ್ನು ಓದಿ ಹೇಳಬಲ್ಲ ನಾಲ್ಕು ಜನ ಸುಶಿಕ್ಷಿತ ತರುಣರು ಪ್ರತಿ ತಿಂಗಳು ಒಂದು ಸಂಜೆ ಸಂಘದಲ್ಲಿ ಕುಳಿತರೆ ಸಾಕು, ಅನೇಕ ಮನೆಗಳು ಉಳಿದಾವು. ಕನ್ನಡದ ಸೇವೆಯೆಂದರೆ ಕನ್ನಡಿಗನ ಸೂರಿನ ಸೇವೆಯೂ ಹೌದು. ಈ ಕೆಲಸವನ್ನು ಈ ವರ್ಷವೇ ಕೈಕೊಳ್ಳಬೇಕೆಂದು ವಿನಂತಿಸುತ್ತೇನೆ.